ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು

ಹಕ್ಕಿ ನೋಡಬೇಕಾದರೆ ನಸುಕಿಗೇ ಏಳಬೇಕು ಅನ್ನುವುದು ಬಯಲುಸೀಮೆಯ ಕೆರೆಗಳು ಕಲಿಸಿದ ಪಾಠ. ಅದನ್ನೇ ನಂಬಿ ಅಕ್ಟೋಬರ್ ನಡುವಿನ ಒಂದು ದಿನ, ಕುಮಟಾದ ಲಾಡ್ಜಿನಲ್ಲಿ ಚಹಾ ಕೂಡ ಸಿಗದ ಹೊತ್ತಿಗೆ ಹೊರಟು ಆರೂವರೆಗೆ ಅಳಿವೆಯ ದಂಡೆ ಮುಟ್ಟಿದೆ. ಎದುರಿಗೆ ಬರೀ ನೀರು. ಮೀನಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ತದಡಿಯ ದೋಣಿಗೆ ಕಾಯುತ್ತಿದ್ದ ಅಮ್ಮನೊಬ್ಬರು ನನ್ನ ಕೊರಳಿನ ಬೈನಾಕ್ಯುಲರ್ ನೋಡಿ ನಕ್ಕರು.

"ಈಗ ಭರತ ಅಲ್ದಾ ತಮಾ. ನೀರು ಇಳೀದೆ ಹಕ್ಕಿ ಎಲ್ಲಿ ಕೂರ್ತದೆ?"

ಹೌದಲ್ಲ! ಕಡಲ ದಂಡೆಯ ಹಕ್ಕಿಗೆ ಸೂರ್ಯನಿಗಿಂತ ಚಂದ್ರನೇ ಯಜಮಾನ. ಮೂರು ತಾಸು ಸುಮ್ಮನೆ ಕೂತೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬೇರುಗಳ ನಡುವೆ ಬಾಲ ಕುಣಿಸುತ್ತ ಒಂದೇ ಒಂದು ಕಾಮನ್ ಸ್ಯಾಂಡ್‌ಪೈಪರ್. ಮೇಲೆ, ಮೀನುದೋಣಿಗಳ ಸುತ್ತ ಗರುಡಗಳು.

ಒಂಬತ್ತೂವರೆಯ ಹೊತ್ತಿಗೆ ನೀರಿನ ನಡುವೆ ಕೆಸರುದಿಬ್ಬದ ಕಂದು ಬೆನ್ನೊಂದು ಎದ್ದಿತು, ಆಮೇಲೆ ಇನ್ನೊಂದು. ಶಿರಸಿಯ ಕಡೆಯ ಘಟ್ಟದಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಘಟ್ಟದ ಮಣ್ಣು ತಡೆಯಿಲ್ಲದೆ ಇಲ್ಲಿವರೆಗೂ ಬರುತ್ತದೆ. ಆ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿ, ಏಡಿ, ಹುಳು. ಅವುಗಳ ಹಿಂದೆ ಹಕ್ಕಿ, ಮನುಷ್ಯ ಇಬ್ಬರೂ. ಈ ಅಳಿವೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು.

ಸ್ಯಾಂಡ್ ಪ್ಲೋವರ್ ಎಂಬ ಪುಟ್ಟ ದಂಡೆಹಕ್ಕಿಗಳು ಎಲ್ಲಿಂದ ಬಂದವೋ, ಕೆಸರೇ ಓಡತೊಡಗಿದಂತಾಯಿತು. ನಾಲ್ಕು ಹೆಜ್ಜೆ ಓಟ, ಗಕ್ಕನೆ ನಿಲುಗಡೆ, ಒಂದು ಕುಟುಕು. ಮೊದಲೆಲ್ಲ ಇದನ್ನು ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದು ಬರೆದುಕೊಂಡು ನಿಶ್ಚಿಂತರಾಗಿರುತ್ತಿದ್ದೆವು. ಈಚೆಗೆ ಪಂಡಿತರು ಟಿಬೆಟನ್, ಸೈಬೀರಿಯನ್ ಎಂದು ಪಾಲು ಮಾಡಿ ತಲೆಬಿಸಿ ತಂದಿಟ್ಟಿದ್ದಾರೆ. ಒಂದರ ಎದೆಯ ಮೇಲೆ ಬೇಸಿಗೆಯ ಇಟ್ಟಿಗೆ ಬಣ್ಣ ಇನ್ನೂ ಪೂರ್ತಿ ಮಾಸಿರಲಿಲ್ಲ.

ನಾನು ಬಂದದ್ದು ಮಾತ್ರ ಕರ್ಲ್ಯೂ ಎಂಬ ಉದ್ದ ಕೊಕ್ಕಿನ ಹಕ್ಕಿಗಾಗಿ. ದೂರದಲ್ಲಿ ಕಂಡ ಮೊದಲನೆಯದರ ನೆತ್ತಿಯ ಮೇಲೆ ಪಟ್ಟೆಗಳಿದ್ದವು, ಕೊಕ್ಕೂ ಮೋಟು: ಕರ್ಲ್ಯೂವಿನ ಚಿಕ್ಕ ದಾಯಾದಿ ವಿಂಬ್ರೆಲ್. ಆಮೇಲೆ ಬಂತು ನಿಜವಾದದ್ದು. ಪೈರು ಕೊಯ್ಯುವ ಕುಡುಗೋಲಿನಂತೆ ಕೆಳಕ್ಕೆ ಬಾಗಿದ ಕೊಕ್ಕು, ಮೈಗೆ ಹೆಚ್ಚಾಯಿತೇನೋ ಅನ್ನುವಷ್ಟು ಉದ್ದ. ಅದನ್ನು ಕಣ್ಣಿನ ಹತ್ತಿರದವರೆಗೂ ಕೆಸರಿಗೆ ಇಳಿಸಿ, ಕತ್ತು ತಿರುಚಿ, ಏಡಿಯೊಂದನ್ನು ಎಳೆದು ತೆಗೆಯಿತು. ಒದರಿದ ರಭಸಕ್ಕೆ ಕಾಲೊಂದು ಕಳಚಿ ಬಿತ್ತು, ಮತ್ತೊಂದು ಬಿತ್ತು. ಉಳಿದ ಮೈಯನ್ನು ಗಾಳಿಗೆ ಚಿಮ್ಮಿ ಗುಳುಂ. ಬಿದ್ದ ಕಾಲುಗಳನ್ನೂ ಬಿಡದೆ ಹೆಕ್ಕಿತು.

ಅಷ್ಟರಲ್ಲಿ ಬಳಚು ಆಯುವ ಹೆಂಗಸರು ಸೀರೆ ಎತ್ತಿಕಟ್ಟಿ ಇಳಿದಿದ್ದರು. ಅವರು ಬಗ್ಗಿ ಕೆಸರು ಕೆದಕುತ್ತಿದ್ದರೂ ಕರ್ಲ್ಯೂ ಹೆದರಲಿಲ್ಲ. ಒಳ್ಳೆಯ ಫೋಟೊ ಆಸೆಗೆ ನಾನು ಹತ್ತು ಹೆಜ್ಜೆ ಮುಂದೆ ಹೋದದ್ದೇ ತಡ, ಹಾರಿಹೋಯಿತು. ನನ್ನ ಎಡಗಾಲಿನ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಮೊಣಕೈ ತನಕ ಕೈ ಹಾಕಿ ತಡಕಿದೆ. ಸಿಕ್ಕಿದ್ದು ಎರಡು ಬಳಚು.

ಹತ್ತಿರವಿದ್ದ ಹುಡುಗಿ ಏನೂ ಹೇಳದೆ ಬುಟ್ಟಿ ಮುಂದೆ ಹಿಡಿದಳು. ಹಾಕಿದೆ.