ಹಳೇ ಫೋಟೋ, ಹಿಸ್ಸಾ ಟಿಪ್ಪಣಿ, ಹೆಂಚಿನ ಮೇಲಿನ ಇಸವಿ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಫೋಟೋ ಬೇಕೆಂದರೆ 1856ರಿಂದಲೇ ಸಿಗುತ್ತವೆ. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ ತೆಗೆದ 56 ಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿಯೇ ಬಂದವು. ಶಾಸನಗಳಿಗೂ ಆ ಭಾಗ್ಯವಿತ್ತು. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅಂದಿನ ಕಡೂರು ಜಿಲ್ಲೆಯ ಸಂಪುಟ 1901ರಲ್ಲಿ, ಹಾಸನದ್ದು 1902ರಲ್ಲಿ ಅಚ್ಚಾಯಿತು. ಹಲ್ಮಿಡಿ ಶಾಸನ ಮೈಸೂರು ಪುರಾತತ್ವ ಇಲಾಖೆಯ 1936ರ ವರದಿಯಲ್ಲಿದೆ. ಆದರೆ ಅದೇ ಹಳೇಬೀಡಿನ ಅಂಗಡಿಸಾಲು 1960ರಲ್ಲಿ ಹೇಗಿತ್ತು, ಮೂಡಿಗೆರೆ ಕಡೆಯ ತೋಟದ ಲೈನ್ ಮನೆಗೆ (ಕೂಲಿಯವರ ಸಾಲುಮನೆ) ಒಲೆ ಎಲ್ಲಿರುತ್ತಿತ್ತು ಎಂದು ಕೇಳಿದರೆ ಸುಲಭಕ್ಕೆ ಉತ್ತರ ಸಿಗದು. ದೇವಸ್ಥಾನಕ್ಕೆ ಕ್ಯಾಮೆರಾ ಹಿಡಿದವರು ಬೆನ್ನ ಹಿಂದಿನ ಬೀದಿಗೆ ಅದನ್ನು ತಿರುಗಿಸಿದ್ದು ಕಡಿಮೆ.

ಆ ಬೀದಿಯ ಚಿತ್ರ ಇರುವುದು ಮನೆಗಳಲ್ಲಿ. ಮದುವೆಯ ಗುಂಪು ಫೋಟೋದ ಹಿಂದೆ ತೊಟ್ಟಿಮನೆಯ ಕಂಬ ನಿಂತಿರುತ್ತದೆ, ಶಾಲೆಯ ಫೋಟೋದ ಮೂಲೆಯಲ್ಲಿ ಪಂಚಾಯ್ತಿ ಕಟ್ಟೆ ಇರುತ್ತದೆ. ಇವನ್ನು ಸ್ಕ್ಯಾನ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಊರಿನ ಇತಿಹಾಸ ಉಳಿಯಿತು ಎನ್ನುವುದು ಶುದ್ಧ ತಪ್ಪು ತಿಳಿವಳಿಕೆ. ಯಾವ ಕಟ್ಟಡ, ಯಾವ ಸರ್ವೆ ನಂಬರು, ಯಾವ ದಿಕ್ಕಿನಿಂದ ತೆಗೆದದ್ದು ಎಂಬುದು ಜೊತೆಗಿಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ಅದು ಯಾರದೋ ಮನೆಯ ಮುಂದೆ ಯಾರೋ ನಿಂತ ಚಿತ್ರ, ಅಷ್ಟೆ.

ಮೊದಲು ಫೋಟೋ ಬದುಕಿಸುವ ಕೆಲಸ. ಅರಸೀಕೆರೆ, ಕಡೂರು ಕಡೆ ಧೂಳು ಮತ್ತು ಒಣ ಹವೆಗೆ ಕಾಗದ ಗರಿಗಟ್ಟಿ ಮುರಿಯುತ್ತದೆ. ಕೊಪ್ಪ, ಶೃಂಗೇರಿ, ಸಕಲೇಶಪುರದಲ್ಲಿ ಶತ್ರು ಬೂಷ್ಟು. ಕಪ್ಪುಬಿಳುಪು ಪ್ರಿಂಟಿನ ಮೇಲ್ಪದರ ಜೆಲಾಟಿನ್, ಅಂದರೆ ಬೂಷ್ಟಿಗೆ ಒಳ್ಳೇ ಊಟ. ಮಳೆಗಾಲದಲ್ಲಿ ಅದು ತೇವ ಹೀರಿ ಮೆತ್ತಗಾಗುತ್ತದೆ, ಕಟ್ಟಿನ ಗಾಜಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಒಣಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಾಗೆ ಅಂಟಿದ್ದನ್ನು ಎಳೆಯಬೇಡಿ, ಮುಖವೇ ಗಾಜಿನಲ್ಲಿ ಉಳಿದುಬಿಡುತ್ತದೆ. ಗಾಜಿನ ಹೊರಮೈ ಒರೆಸಿ, ಗಾಜು ಸಮೇತವೇ ಪ್ರತಿ ತೆಗೆಯಿರಿ. ಮುಂದೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ಒಲೆಯ ಹೊಗೆ, ದೇವರ ದೀಪದ ಮಸಿ ತಾಗುವ ಗೋಡೆ ಬೇಡ.

ಅಟ್ಟದ ಟ್ರಂಕು ಬಿಚ್ಚುವುದಕ್ಕೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜುಲೈಯಲ್ಲಿ ಬಿಚ್ಚಿದರೆ ಹೊರಗಿನ ತೇವವೂ ಒಳಗೆ ಸೇರಿಕೊಳ್ಳುತ್ತದೆ. ಬೂಷ್ಟು ಕಂಡರೆ ನೆರಳಲ್ಲಿ, ಗಾಳಿ ಆಡುವ ಜಗಲಿಯಲ್ಲಿ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್‌ನಲ್ಲಿ ಹೊರಮುಖವಾಗಿ ಸವರಿ. ಒದ್ದೆ ಬಟ್ಟೆ ಮುಟ್ಟಿಸಿದರೆ ಬೂಷ್ಟಿನ ಜೊತೆ ಚಿತ್ರವೂ ಬರುತ್ತದೆ. ಪುಟಕ್ಕೆ ಅಂಟು ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯುವ ಆಲ್ಬಮ್‌ಗಳಿದ್ದವಲ್ಲ, ಅವು ನಿಧಾನ ವಿಷ. ಫೋಟೋ ಸಲೀಸಾಗಿ ಏಳದಿದ್ದರೆ ಹಲ್ಲಿನ ಸಂದಿ ಶುಚಿಮಾಡುವ ನೂಲನ್ನು (ಡೆಂಟಲ್ ಫ್ಲಾಸ್) ಹಿಂಬದಿಯಲ್ಲಿ ಗರಗಸದ ಹಾಗೆ ಆಡಿಸಿ ಬಿಡಿಸಬಹುದು. ಎಲ್ಲಕ್ಕಿಂತ ಕೆಟ್ಟದ್ದು ಲ್ಯಾಮಿನೇಷನ್. ಕಾಗದಪತ್ರ ಭದ್ರವಾಗಲಿ ಎಂದು ಜನ ಆಸೆಯಿಂದ ಮಾಡಿಸುತ್ತಾರೆ. ಬಿಸಿಗೆ ಅಂಟಿದ ಆ ಹೊದಿಕೆಯನ್ನು ಮೂಲಕ್ಕೆ ಏಟಾಗದಂತೆ ತೆಗೆಯುವ ದಾರಿ ಮನೆಯಲ್ಲಂತೂ ಇಲ್ಲ.

ಇಡುವುದಕ್ಕೆ ಪಿವಿಸಿ ಕವರ್ ಬೇಡ. ಪಾಲಿಯೆಸ್ಟರ್ ಕವರ್ ಅಥವಾ ಆಮ್ಲರಹಿತ ಕಾಗದದ ಲಕೋಟೆ ಸಾಕು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾಯಿಸುವ ಜಾತಿಯದಾದರೆ ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ, ಬಿಸಿಮಾಡಿ ಮತ್ತೆ ಬಳಸಬಹುದು. ನುಸಿಗುಳಿಗೆ ಹಾಕಬೇಡಿ. ನೆಗೆಟಿವ್ ಡಬ್ಬಿ ತೆಗೆದ ತಕ್ಷಣ ವಿನೆಗರ್ ಘಾಟು ಬಂದರೆ ಆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ ಎಂದರ್ಥ. ಬೇರೆಯವಕ್ಕೂ ಹಬ್ಬುವ ಮೊದಲು ಅದನ್ನು ಬೇರ್ಪಡಿಸಿ, ಮೊದಲ ಸರದಿಯಲ್ಲಿ ಸ್ಕ್ಯಾನ್ ಮಾಡಿ. ಕಲರ್ ಪ್ರಿಂಟ್‌ಗಳಿಗೂ ಕಾಯುವ ಹೊತ್ತಿಲ್ಲ. 1970ರ ದಶಕದ ಪ್ರಿಂಟ್‌ಗಳಲ್ಲಿ ನೀಲಿಹಸಿರು ಬಣ್ಣ ಕತ್ತಲಲ್ಲಿ ಇಟ್ಟರೂ ಇಳಿಯುತ್ತದೆ. ಮದುಮಗಳ ಸೀರೆಯಿಂದ ಹಿಡಿದು ಗೋಡೆಯ ಸುಣ್ಣದವರೆಗೆ ಎಲ್ಲ ಕೆಂಪಗೆ ಕಾಣುವುದು ಅದಕ್ಕೇ. ಕಪ್ಪುಬಿಳುಪು ಇವುಗಳಿಗಿಂತ ಗಟ್ಟಿ.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಇಂಚು ಆರಿಂಚಿನ ಪ್ರಿಂಟಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಸಾಕು. ಚಿತ್ರದ ವಿವರ ಕಳೆಯದ 24 ಬಿಟ್ ಟಿಫ್ ಫೈಲಾಗಿ ಉಳಿಸಿದರೆ ಒಂದೊಂದು ಸುಮಾರು 26 ಎಂಬಿ ಬರುತ್ತದೆ. ಆಗ್ಫಾ ಕ್ಲಿಕ್‌ನಂಥ ಡಬ್ಬಿ ಕ್ಯಾಮೆರಾದಲ್ಲಿ 120 ರೋಲಿನ ಚಿತ್ರವನ್ನು ದೊಡ್ಡದು ಮಾಡದೆ ಅಷ್ಟಕ್ಕೇ ಪ್ರಿಂಟ್ ಹಾಕಿದ್ದರೆ, ಆ ಎರಡೂಕಾಲಿಂಚಿನ ಚೌಕಕ್ಕೆ 1200 ಇಡಿ. ತಾನಾಗಿ ಧೂಳು ತೆಗೆಯುವ, ಬಣ್ಣ ತಿದ್ದುವ ಆಯ್ಕೆಗಳನ್ನು ಬಂದ್ ಮಾಡಿ. ಅವು ಗೋಡೆಯ ಬಿರುಕನ್ನೂ ಧೂಳೆಂದೇ ತಿಳಿಯುತ್ತವೆ. ಅಂಚು ಕತ್ತರಿಸಬೇಡಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಏನಾದರೂ ಬರೆಯುವುದಿದ್ದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್ಲಿನಲ್ಲಿ, ಒತ್ತದೆ. ಬಾಲ್‌ಪೆನ್ನಿನ ಗೀರು ಮುಂದೆ ಉಬ್ಬಾಗಿ ಕಾಣುತ್ತದೆ.

ಹಿಂಬದಿಯಲ್ಲೇ ಅರ್ಧ ಇತಿಹಾಸವಿರುತ್ತದೆ. ಸ್ಟುಡಿಯೋ ಮುದ್ರೆಯಲ್ಲಿ ‘ಕಡೂರು ಡಿಸ್ಟ್ರಿಕ್ಟ್’ ಎಂದಿದ್ದರೆ ಅದು 1947ರಲ್ಲಿ ಜಿಲ್ಲೆಯ ಹೆಸರು ಚಿಕ್ಕಮಗಳೂರು ಎಂದಾಗುವ ಮುಂಚಿನ ಮುದ್ರೆ. ‘ಮೈಸೂರ್ ಸ್ಟೇಟ್’ ಎಂದಿದ್ದರೆ 1973ರ ನವೆಂಬರಿಗೆ ಹಿಂದಿನದು. ವಿಳಾಸದಲ್ಲಿ 577101 ಅಥವಾ 573201 ಕಂಡರೆ ಪಿನ್‌ಕೋಡ್ ಬಂದ 1972ರ ಆಗಸ್ಟಿನ ನಂತರದ್ದು. ಹೋಟೆಲಿನ ದರಪಟ್ಟಿ ಆಣೆಯಲ್ಲಿದ್ದರೆ ದಶಮಾಂಶ ನಾಣ್ಯ ಬಂದ 1957ರ ಆಸುಪಾಸಿಗೆ ಮುಂಚೆ. ಜೀಪಿನ ನಂಬರ್ ಪ್ಲೇಟಿನಲ್ಲಿ ಕೆಎ 13 ಅಥವಾ ಕೆಎ 18 ಇದ್ದರೆ 1989ರ ಈಚೆಗೆ. ಸ್ಟುಡಿಯೋದವರು ಹಳೆಯ ಮುದ್ರೆಯನ್ನೇ ವರ್ಷಗಟ್ಟಲೆ ಒತ್ತುತ್ತಿದ್ದರು ಎಂಬುದು ನೆನಪಿರಲಿ. ಆದ್ದರಿಂದ ಹಳೆಯ ಹೆಸರಿಗಿಂತ ಹೊಸ ಗುರುತು ಹೆಚ್ಚು ನಂಬಿಕೆಗೆ ಅರ್ಹ. ಪಿನ್‌ಕೋಡ್ ಹುಟ್ಟುವ ಮುಂಚೆ ಅದನ್ನು ಯಾರೂ ಮುದ್ರೆಯಲ್ಲಿ ಕೆತ್ತಿಸಿರಲು ಸಾಧ್ಯವಿಲ್ಲ.

ಹೆಂಚಿನ ವಿಷಯದಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ಮಾಡಿನಿಂದ ಇಳಿಸಿದ ಹೆಂಚನ್ನು ತಿರುಗಿಸಿದರೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂಬ ಉಬ್ಬಕ್ಷರ ಕಾಣುತ್ತದೆ. ತಕ್ಷಣ ‘ನಮ್ಮ ಮನೆ 1865ರದು’ ಎಂದು ಬೋರ್ಡೇ ಬರೆಸುತ್ತಾರೆ, ಹೋಂಸ್ಟೇ ಇದ್ದರಂತೂ ಕೇಳುವುದೇ ಬೇಡ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ಇಸವಿ, ಹೆಂಚು ಸುಟ್ಟ ಇಸವಿಯಲ್ಲ. ಆಲ್ಬುಕರ್ಕ್ ಹೆಂಚಿನ ಮೇಲಿನ 1868 ಕೂಡ ಹಾಗೆಯೇ. ಆ ಅಚ್ಚಿನಲ್ಲಿ ದಶಕಗಟ್ಟಲೆ ಹೆಂಚು ತಯಾರಾಗಿದೆ. ‘ಕಾಮನ್‌ವೆಲ್ತ್’ ಎಂದಿದ್ದರೆ ಮೊದಲ ಮಹಾಯುದ್ಧದ ನಂತರದ್ದು ಎಂದು ಖಚಿತವಾಗಿ ಹೇಳಬಹುದು, ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದದ್ದು ಆಗ. ಅದೂ ಮಾಡಿನ ಕಾಲವನ್ನು ಹೇಳೀತೇ ಹೊರತು ಗೋಡೆಯದ್ದಲ್ಲ. ಮುಂಚೆ ನಾಡಹೆಂಚೋ ಹುಲ್ಲೋ ಹೊದೆಸಿದ್ದ ಮನೆಗೆ ಆಮೇಲೆ ಮಂಗಳೂರು ಹೆಂಚು ಏರಿಸಿರಬಹುದು. ಹೆಂಚು ಹೊರುವ ಮರದ ರೀಪು, ಪಕಾಸಿಗಳಲ್ಲಿ ಈಗಿನ ಅಂತರಕ್ಕೆ ಹೊಂದದ ಹಳೆಯ ಮೊಳೆತೂತು ಇವೆಯಾ ನೋಡಿ, ಫೋಟೋ ತೆಗೆದಿಡಿ. ಹೆಂಚಿನ ಮುದ್ರೆಯನ್ನು ತೆಗೆಯುವಾಗ ಬೆಳಕು ಒಂದು ಪಕ್ಕದಿಂದ ತಗ್ಗಿನಲ್ಲಿ ಬೀಳಲಿ. ಎದುರಿನ ಫ್ಲ್ಯಾಶಿಗೆ ಉಬ್ಬಕ್ಷರ ಸಪಾಟಾಗಿಬಿಡುತ್ತದೆ.

ಇನ್ನು ಕಾಗದಗಳು. ಕಟ್ಟಡ ನಿಂತ ಜಾಗದಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರು ಸಿಗುತ್ತದೆ. ಗಡಿ ಹತ್ತಿರವಿದ್ದರೆ ಪಕ್ಕದ ನಂಬರನ್ನೂ ತೋರಿಸೀತು, ಗ್ರಾಮ ನಕ್ಷೆಯ ಜೊತೆ ತಾಳೆ ನೋಡಿ. ಆ ನಂಬರು ಹಿಡಿದು ಸರ್ವೆ ಕಚೇರಿಯಲ್ಲಿ ಹಿಸ್ಸಾ ಟಿಪ್ಪಣಿ, ಪಕ್ಕಾ ಪುಸ್ತಕ, ಆಕಾರ್‌ಬಂದ್ ಎಂಬ ಅಳತೆ, ವಿಸ್ತೀರ್ಣ, ಕಂದಾಯದ ದಾಖಲೆಗಳ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಹಳೆಯ ಟಿಪ್ಪಣಿಯಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಅಂದರೆ 5 ಸರಪಳಿ 8 ಆಣೆ ಎಂದಿದ್ದರೆ 181.5 ಅಡಿ. ಇದನ್ನು 5.8 ಎಂದು ದಶಮಾಂಶವಾಗಿ ಓದಿದರೆ ಸುಮಾರು ಹತ್ತಡಿ ವ್ಯತ್ಯಾಸ ಬಂದು, ಫೋಟೋದಲ್ಲಿರುವ ಬಾವಿ ಪಕ್ಕದವರ ಹಿತ್ತಲಿಗೆ ಹೋಗಿಬಿಡುತ್ತದೆ.

ಗ್ರಾಮಠಾಣೆಯೊಳಗಿನ ಮನೆಗೆ ಟಿಪ್ಪಣಿಯಿಂದ ಹೆಚ್ಚು ಉಪಯೋಗವಿಲ್ಲ. ಅಲ್ಲಿ ಕೈಹಿಡಿಯುವುದು ಕ್ರಯಪತ್ರದ ಚೆಕ್ಕುಬಂದಿ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಇಂಥವರ ಕೊಟ್ಟಿಗೆ, ಉತ್ತರಕ್ಕೆ ಸರ್ಕಾರಿ ಛತ್ರ ಎಂದು ಬರೆದಿರುವ ಆ ನಾಲ್ಕು ಸಾಲನ್ನು ಬೀದಿಯ ಆಚೀಚೆಯ ಪತ್ರಗಳ ಸಾಲಿಗೆ ಜೋಡಿಸುತ್ತ ಹೋದರೆ ಇಡೀ ಬೀದಿಯ ನಕ್ಷೆ ಬಿಡಿಸಬಹುದು. ಆನ್‌ಲೈನ್ ಋಣಭಾರ ಪ್ರಮಾಣಪತ್ರ (ಇ.ಸಿ.) 2004ರಿಂದೀಚೆಗಿನ ವ್ಯವಹಾರಕ್ಕಷ್ಟೇ. ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಯ ಕೈಬರಹದ ಸೂಚಿ ಹುಡುಕಿಸಬೇಕು. ದೇವಸ್ಥಾನ, ಮಠ, ಛತ್ರಗಳಿಗೆ ಸೇರಿದ್ದ ಜಾಗವಾದರೆ 1955ರ ಧಾರ್ಮಿಕ ಮತ್ತು ದತ್ತಿ ಇನಾಮು ರದ್ದತಿ ಕಾಯ್ದೆಯ ಕಡತ ಕೇಳಿ. ಅದಕ್ಕೂ ಹಿಂದಿನ ಮೈಸೂರು ಸರ್ಕಾರದ ಪತ್ರವ್ಯವಹಾರಕ್ಕೆ ರಾಜ್ಯ ಪತ್ರಾಗಾರ ಇಲಾಖೆ.

ಮುಳುಗಡೆ ಊರುಗಳ ಮಾತು ಬೇರೆ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿ ಚರ್ಚಿನ ಫೋಟೋ ಲೆಕ್ಕವಿಲ್ಲದಷ್ಟಿವೆ. ಮಳೆಗಾಲದ್ದೇ ಹೆಚ್ಚು, ಎಲ್ಲ ಒಂದೇ ಥರ. ಸುತ್ತಲಿನ ಮನೆಗಳು ಹೇಗಿದ್ದವು ಎಂಬುದಕ್ಕೆ ಭೂಸ್ವಾಧೀನದ ಐತೀರ್ಪಿನ (ಪರಿಹಾರ ನಿಗದಿಯ ಆದೇಶ) ಕಡತಗಳನ್ನು ಹುಡುಕಬೇಕು. ಪರಿಹಾರ ಲೆಕ್ಕ ಹಾಕಲು ಕಟ್ಟಡದ ಉದ್ದಗಲ, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಹೆಂಚೋ ಹುಲ್ಲೋ, ಹಿತ್ತಲಲ್ಲಿ ತೆಂಗೆಷ್ಟು ಹಲಸೆಷ್ಟು ಎಂಬುದನ್ನೆಲ್ಲ ಬರೆದುಕೊಳ್ಳಬೇಕಿತ್ತು. ಹಣಕ್ಕಾಗಿ ಬರೆದ ಪಟ್ಟಿಯಾದ್ದರಿಂದ ಅದರಲ್ಲಿ ವರ್ಣನೆ ಇಲ್ಲ, ಅಳತೆ ಇದೆ. ನಮಗೆ ಬೇಕಾದದ್ದೂ ಅದೇ. ಊರು ಬಿಟ್ಟವರ ಬಳಿ ಇರುವ ಫೋಟೋವನ್ನು ಈ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ನೀರಿನಡಿಯ ಮನೆಯ ಅಂದಾಜು ನಕ್ಷೆ ಬರೆಯಬಹುದು.

ತೋಟದವರಿಗೆ ಒಂದು ಮಾತು: ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಮತ್ತು ಮಳೆ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಚೆಕ್‌ರೋಲ್‌ನಲ್ಲಿ ಲೈನಿನಲ್ಲಿದ್ದವರ ಹೆಸರು, ಕೆಲಸ, ಕೂಲಿ ಎಲ್ಲ ಇರುತ್ತದೆ. ಆ ಜನರ ಬಗ್ಗೆ ಬೇರೆಲ್ಲೂ ಒಂದು ಸಾಲು ಇರಲಿಕ್ಕಿಲ್ಲ. ಮಳೆ ಪುಸ್ತಕದ ಇಂಚು, ಸೆಂಟುಗಳನ್ನು ಇದ್ದ ಹಾಗೆಯೇ ನಕಲು ಮಾಡಿ, ಮಿಲಿಮೀಟರ್ ಪಕ್ಕದ ಕಾಲಮ್ಮಿನಲ್ಲಿರಲಿ; ಒಂದು ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು, 0.254 ಮಿಲಿಮೀಟರ್. ‘ಸೇತುವೆ ಮುಳುಗಿದ ವರ್ಷ’ ಎಂದಷ್ಟೇ ಬರೆದ ಫೋಟೋಗೆ ದಿನಾಂಕ ಹುಡುಕಿಕೊಡುವುದು ಈ ಪುಸ್ತಕವೇ.

ಹಳೆಯ ಚಿತ್ರದ ಜಾಗದಲ್ಲೇ ನಿಂತು ಈಗ ಮತ್ತೊಂದು ತೆಗೆಯುವುದಾದರೆ, ಹಳೆಯದರಲ್ಲಿ ಹತ್ತಿರದ ಒಂದು ಅಂಚು, ದೂರದ ಒಂದು ಅಂಚು ಆರಿಸಿಕೊಳ್ಳಿ. ಜಗಲಿ ಕಂಬವೂ ಹಿಂದಿನ ಗೋಪುರವೂ ಆಗಬಹುದು. ಎರಡರ ನಡುವಿನ ಅಂತರ ಹಳೆಯದರಂತೆ ಕಾಣುವವರೆಗೆ ಎಡಬಲಕ್ಕೆ ಸರಿಯಿರಿ, ಆಮೇಲೆ ಗಾತ್ರದ ಪ್ರಮಾಣ ಕೂಡುವವರೆಗೆ ಹಿಂದೆ ಮುಂದೆ. ಝೂಮ್ ಕೊನೆಗೆ. ಝೂಮ್ ಮಾಡಿದರೆ ಚಿತ್ರ ದೊಡ್ಡದಾದೀತು, ನಿಂತ ಜಾಗದ ತಪ್ಪು ಸರಿಹೋಗದು.

ಫೈಲಿನ ಹೆಸರಲ್ಲಿ ತಾಲ್ಲೂಕು, ಗ್ರಾಮ, ಸರ್ವೆ ನಂಬರು, ಇಸವಿ, ಕ್ರಮಸಂಖ್ಯೆ ಇದೇ ಅನುಕ್ರಮದಲ್ಲಿರಲಿ. ಇಸವಿ ಅಂದಾಜಾದರೆ ಅಂದಾಜು ಎಂದೇ ಬರೆಯಿರಿ. ವಿವರದ ಪಟ್ಟಿ ಯೂನಿಕೋಡ್ ಕನ್ನಡದಲ್ಲಿರಬೇಕು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಟ್ಟಿ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಲಸುಮೇಲೋಗರ, ಹುಡುಕಿದರೂ ಸಿಗುವುದಿಲ್ಲ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿದೆಯೇ ಎಂದು ಕಣ್ಣಲ್ಲೇ ನೋಡಬೇಕು. ಶಾಸನವಿದ್ದರೆ ಸಂಖ್ಯೆಯ ಜೊತೆ ರೈಸ್ ಸಂಪುಟವೋ ಪರಿಷ್ಕೃತ ಆವೃತ್ತಿಯೋ ಎಂದು ನಮೂದಿಸಿ, ಎರಡರಲ್ಲಿ ಕ್ರಮಾಂಕ ಬೇರೆ ಬೇರೆ. ಒಟ್ಟು ಮೂರು ಪ್ರತಿ ಇಡಿ, ಅದರಲ್ಲಿ ಒಂದು ಮಲೆನಾಡಿನ ಆಚೆ.

ಹಕ್ಕಿನ ಪ್ರಶ್ನೆ ಬಂದೇ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟವಾದ ಫೋಟೋಗೆ ಮುಂದಿನ ವರ್ಷದ ಆರಂಭದಿಂದ 60 ವರ್ಷ ರಕ್ಷಣೆ ಇತ್ತು; 2012ರ ತಿದ್ದುಪಡಿಯ ಮೇಲೆ ಅದು ತೆಗೆದವರ ಜೀವಿತಾವಧಿ ಮತ್ತು ಅವರು ತೀರಿದ ಮುಂದಿನ ವರ್ಷದ ಆರಂಭದಿಂದ 60 ವರ್ಷ. ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ ಮದುವೆ ಫೋಟೋಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಆದರೂ ಮನೆಯವರಿಂದ ಎರಡು ಸಾಲಿನ ಒಪ್ಪಿಗೆ ಬರೆಸಿಕೊಳ್ಳಿ, ಮೂಲವನ್ನು ಅವರಿಗೇ ಹಿಂದಿರುಗಿಸಿ. ಪಹಣಿ, ಕ್ರಯಪತ್ರಗಳನ್ನು ಆನ್‌ಲೈನ್ ಹಾಕುವ ಮುನ್ನ ಸಹಿ, ಹೆಬ್ಬೆಟ್ಟು, ಬದುಕಿರುವವರ ವಿವರ ಮುಚ್ಚಿ. ಮುಚ್ಚುವುದು ಹಂಚುವ ಪ್ರತಿಯಲ್ಲಿ ಮಾತ್ರ, ಮೂಲ ಟಿಫ್‌ನಲ್ಲಿ ಅಲ್ಲ. ಪಿಡಿಎಫ್ ಮೇಲೆ ಎಳೆದ ಕಪ್ಪು ಪಟ್ಟಿಯನ್ನು ಯಾರು ಬೇಕಾದರೂ ಎತ್ತಿ ಅಡಿಯ ಅಕ್ಷರ ಓದಬಹುದು, ಹಾಗಾಗಿ ಪಟ್ಟಿ ಎಳೆದ ಪುಟವನ್ನು ಜೆಪೆಗ್ ಮಾಡಿಯೇ ಹಾಕಿ.