ಅವ್ವನ ಗುಳಿಗೆ ಲೆಕ್ಕ

ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಪುಸ್ತಕ ಎಷ್ಟೇ ಚೀಲ ತೋರಿಸಲಿ, ಗೋದಾಮಿಗೆ ಹೋಗಿ ಎಣಿಸುವ ತನಕ ನಾನು ನಂಬುವುದಿಲ್ಲ. ಈ ಚಟ ಮನೆಗೂ ಬಂದಿದೆ.

ಹೋದ ತಿಂಗಳು ಬಿಪಿ ಜಾಸ್ತಿಯಾಗಿ ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಬಿಡುವಾಗ ಕೇಸ್ ಪೇಪರಿನ ಜೆರಾಕ್ಸ್ ಕೇಳಿದೆ. 'ಅದೆಲ್ಲ ನಿಮಗ್ಯಾಕ್ರಿ' ಅಂದರು ಕೌಂಟರಿನವರು. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮವಿದೆ. ಮೊಬೈಲಲ್ಲಿ ತೋರಿಸಿದೆ. ಮೂರನೇ ದಿನ ಸಿಕ್ಕಿತು.

ಅದರಲ್ಲಿ ಒಂದು ಸಾಲು: ರೋಗಿ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಾರೆ. ಹೇಳಿದ್ದು ಯಾರು? ಅವ್ವನೇ. ಆಸ್ಪತ್ರೆಗೆ ಸೇರಿಸುವ ಮುಂಚೆ 24 ದಿನಕ್ಕೆ 24 ಗುಳಿಗೆ ಹೋಗಿರಬೇಕು, ತಂದದ್ದು 30. ಡಬ್ಬಿ ತೆಗೆದರೆ 6ರ ಬದಲು 11 ಇದ್ದವು. 'ಸೋಮವಾರ ಒಪ್ಪತ್ತು ಇರ್ತೀನಿ, ಖಾಲಿ ಹೊಟ್ಟಿಗೆ ಹೆಂಗ ನುಂಗ್ಲಿ?' ನಾಲ್ಕು ಸೋಮವಾರ. ಐದನೆಯ ಗುಳಿಗೆ ತಪ್ಪಿದ್ದು ಕಾರಟಗಿ ಮದುವೆಗೆ ಹೋದ ದಿನ.

ರೋಗಿಗಳಿಗೆ ಡಾಕ್ಟರರ ಟಿಪ್ಪಣಿ ತೋರಿಸಿದರೆ ಒಳ್ಳೆಯದು ಅನ್ನುವವರು ಅಮೆರಿಕದ 'ಓಪನ್‌ನೋಟ್ಸ್' ಪ್ರಯೋಗದ ಹೆಸರು ಹೇಳುತ್ತಾರೆ. ಬೋಸ್ಟನ್, ಪೆನ್ಸಿಲ್ವೇನಿಯಾ, ಸಿಯಾಟಲ್ ಕಡೆ 105 ಡಾಕ್ಟರು, 13,564 ರೋಗಿಗಳು. ಫಲಿತಾಂಶ ಬಂದದ್ದು 2012ರಲ್ಲಿ. ಔಷಧಿ ತಗೊಳ್ಳುವವರಲ್ಲಿ ಶೇ. 60ರಿಂದ 78ರಷ್ಟು ಜನ 'ಈಗ ಸರಿಯಾಗಿ ತಗೋತೀವಿ' ಅಂದರಂತೆ. ಅಂದರು, ಅಷ್ಟೇ. ಗುಳಿಗೆ ಎಣಿಸಿದ ಲೆಕ್ಕ ಅದಲ್ಲ. ಅವರೆಲ್ಲ ನಮ್ಮ ಅವ್ವನ ಥರದವರೇ ಆಗಿದ್ದರೆ? ಟಿಪ್ಪಣಿ ತೆರೆದು ನೋಡಿ, ಸಮೀಕ್ಷೆಗೂ ಉತ್ತರ ಕೊಟ್ಟವರು 5,391 ಮಂದಿ ಮಾತ್ರ. ಟಿಪ್ಪಣಿ ತೋರಿಸದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಲೂ ಇಲ್ಲ.

ಆದರೆ ಅದೇ ವರದಿಯ ಇನ್ನೊಂದು ಮಾತು ನನಗೆ ಗಟ್ಟಿ ಅನ್ನಿಸಿತು. ಪ್ರಯೋಗದ ವರ್ಷ ಮುಗಿದ ಮೇಲೆ ಟಿಪ್ಪಣಿ ತೋರಿಸುವುದನ್ನು ಬೇಕಾದರೆ ನಿಲ್ಲಿಸಬಹುದಿತ್ತು, ಒಬ್ಬ ಡಾಕ್ಟರೂ ನಿಲ್ಲಿಸಲಿಲ್ಲ. ಇದು ಬಾಯಿಮಾತಲ್ಲ, ಮಾಡಿದ್ದು. ಅವರು ತಾವಾಗಿಯೇ ಮುಂದೆ ಬಂದವರು, ನಿಜ, ಅಷ್ಟು ವಟಾವ್ (ಕಡಿತ) ಹಿಡಿಯಬೇಕು.

ಮುಂದಿನ ಸಲ ಪೇಪರಿನ ಜೊತೆ ಸ್ಟ್ರಿಪ್ಪನ್ನೂ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ನಕ್ಕು, 'ಸೋಮವಾರ ಬಿಡುತ್ತಾರೆ' ಅಂತ ಬರೆದುಕೊಂಡರು. ಗಂಗಾವತಿ ಬಸ್‌ಸ್ಟ್ಯಾಂಡ್ ಬರುವವರೆಗೂ ಅವ್ವ ನನ್ನ ಜೊತೆ ಮಾತಾಡಲಿಲ್ಲ.