ಗೋಣಿಚೀಲಕ್ಕೆ ಕಾಲೆತ್ತುವ ಗಂಡುನಾಯಿ

ಕಾಫಿ ಕೊಯ್ಲು ಶುರುವಾಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಿಂದ ಒಂದು ದೂರು ಕೇಳಿಬರುತ್ತದೆ: ನಾಲ್ಕೈದು ವರ್ಷ ಒಳಗೆ ಒಂದು ಹನಿ ಬಿಡದ ನಾಯಿ ಈಗ ಹಜಾರದಲ್ಲೇ ಉಚ್ಚೆ ಹೊಯ್ಯುತ್ತಿದೆ. ಹಠಕ್ಕೆ ಮಾಡುತ್ತದೆ, ಬಿಟ್ಟುಹೋಗಿದ್ದಕ್ಕೆ ಸೇಡು ಅನ್ನುವವರೇ ಹೆಚ್ಚು. ನಾಯಿಗೆ ಆ ಲೆಕ್ಕಾಚಾರ ಇಲ್ಲ. ಬೈಯುವ ಮೊದಲು ಬಗ್ಗಿ ಒದ್ದೆ ಜಾಗ ನೋಡಿ.

ಚೀಲದ ಮೂಲೆಯಲ್ಲೋ ಕುರ್ಚಿಯ ಕಾಲಲ್ಲೋ ನೆಲದಿಂದ ಒಂದಡಿ ಮೇಲೆ ಒದ್ದೆಯಾಗಿ, ಸಣ್ಣ ಗೆರೆ ಇಳಿದು, ಕೆಳಗೆ ಎರಡು ಚಮಚದಷ್ಟು ನಿಂತಿದ್ದರೆ ಅದು ಗುರುತು ಹಾಕಿದ್ದು. ನೆಲದ ನಡುವೆ ತಟ್ಟೆಯಗಲ ಹರಡಿದ್ದರೆ ಮೂತ್ರಕೋಶ ಖಾಲಿ ಮಾಡಿದ್ದು. ಮಲಗಿ ಎದ್ದ ಜಾಗವೇ ನೆನೆದಿದ್ದರೆ ಅದಕ್ಕೇ ಗೊತ್ತಿಲ್ಲದೆ ಸೋರಿದ್ದು. ಮೂರಕ್ಕೂ ಮದ್ದು ಬೇರೆ ಬೇರೆ.

ಗುರುತು ಹಾಕುವ ನಾಯಿಗೆ ಹೊಸ ವಾಸನೆಯೇ ಕಾರಣ. ಕೊಯ್ಲಿಗೆಂದು ಮನೆಗೆ ಬರುವ, ಇನ್ನೊಬ್ಬರ ಕಣದಲ್ಲಿ ಬಿದ್ದಿದ್ದ ಗೋಣಿಚೀಲಕ್ಕೆ ಅಲ್ಲಿನ ನಾಯಿಯ ವಾಸನೆ ಅಂಟಿರುತ್ತದೆ. ನೆಂಟರ ಬ್ಯಾಗು, ಊರು ಸುತ್ತಿ ಬಂದ ಬೈಕಿನ ಟಯರೂ ಹಾಗೇ. ಚೀಲಗಳನ್ನು ಜಗಲಿಯಲ್ಲೇ ಬಿಡಬೇಡಿ, ಬಾಗಿಲಿರುವ ಕೋಣೆಗೆ ಹಾಕಿ. ಬೀದಿಯಲ್ಲಿ ಬೆದೆಗೆ ಬಂದ ಹೆಣ್ಣುನಾಯಿ ಇದ್ದರಂತೂ ಆ ಎರಡು ಮೂರು ವಾರ ಕಾವಲು ಬೇಕೇ ಬೇಕು.

ತಟ್ಟೆಯಗಲ ಹೊಯ್ಯುವ ನಾಯಿಯದು ಎಷ್ಟೋ ಸಲ ಮಳೆಗಾಲದ ಸಮಸ್ಯೆ. ಧೋ ಎಂದು ಸುರಿಯುವಾಗ ಅಂಗಳಕ್ಕೆ ಇಳಿಯದೆ ಕಟ್ಟಿಕೊಂಡಿದ್ದು, ಒಳಗೆ ಬಂದು ಬಿಡುತ್ತದೆ. ಸೂರಿನ ಕೆಳಗೆ ಒಂದು ಮೂಲೆ ಗೊತ್ತುಮಾಡಿ, ಅದೇ ಹೊತ್ತಿಗೆ ದಿನಕ್ಕೆ ನಾಲ್ಕು ಸಲ ಹಗ್ಗ ಹಿಡಿದು ಕರೆದೊಯ್ಯಿರಿ. ಹೊಯ್ದು ಮುಗಿಸಿದ ಕ್ಷಣ ಅಲ್ಲೇ ತಿಂಡಿ ಕೊಡಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ಕಲಿಯುತ್ತದೆ.

ಆದರೆ ಮಲಗಿದಲ್ಲೇ ಸೋರುತ್ತಿದ್ದರೆ, ಇಲ್ಲವೇ ಯಾವುದೇ ಬಗೆಯದು ದಿಢೀರನೆ ಶುರುವಾಗಿದ್ದರೆ ಮೊದಲು ಡಾಕ್ಟರು, ಆಮೇಲೆ ತರಬೇತಿ. ಒಂದು ದಿನ ನೀರು ಅಳೆದು ಇಡಿ: ದೇಹತೂಕದ ಕೆಜಿಗೆ 100 ಮಿಲಿಗಿಂತ ಹೆಚ್ಚು ಕುಡಿದರೆ ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಪರೀಕ್ಷಿಸಬೇಕು. ಬೀಜ ತೆಗೆಸುವ ಆಪರೇಷನ್ ಆಗದ, ವಯಸ್ಸಾದ ಗಂಡಿನಲ್ಲಿ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಊದುವುದು ಸಾಮಾನ್ಯ. ಶಿಶ್ನದ ತುದಿಯಲ್ಲಿ ರಕ್ತದ ಹನಿ ಕಾಣಬಹುದು. ಉಚ್ಚೆಯ ಮಾದರಿಗೆ ಉದ್ದ ಹಿಡಿಯ ಸ್ಟೀಲ್ ಸೌಟು ಸಾಕು. ಬೆಳಗಿನ ಮೊದಲ ಧಾರೆಯ ನಡುವೆ ಹಿಡಿದು, ಚೊಕ್ಕ ಡಬ್ಬಿಗೆ ಹಾಕಿ ಬೇಗ ತಲುಪಿಸಿ. ಹಾಸನದ ಸುತ್ತಮುತ್ತಲಿನವರಿಗೆ ಅಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಪದೇ ಪದೇ ಕಾಲೆತ್ತಿ ತಿಣುಕಿದರೂ ಹನಿ ಬಾರದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಗಂಡುನಾಯಿಯ ಶಿಶ್ನದೊಳಗೆ ಮೂಳೆ ಇದೆ, ಅಲ್ಲಿ ಮೂತ್ರನಾಳ ಹಿಗ್ಗುವುದಿಲ್ಲ. ಮೂತ್ರದ ಕಲ್ಲು ಸಿಕ್ಕಿಕೊಳ್ಳುವುದು ಆ ಮೂಳೆಯ ಹಿಂದೆಯೇ. ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು.

ಒರೆಸುವುದರಲ್ಲೇ ಹೆಚ್ಚಿನವರು ಎಡವುವುದು. ಫಿನಾಯಿಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಬ್ಲೀಚ್ ಉಚ್ಚೆಯೊಂದಿಗೆ ಸೇರಿದರೆ ಉಸಿರು ಕಟ್ಟಿಸುವ ಗಾಳಿ ಏಳುತ್ತದೆ. ಉಚ್ಚೆಯ ವಾಸನೆಯನ್ನೇ ಒಡೆದುಹಾಕುವ, ಪೆಟ್ ಅಂಗಡಿಯ ಎಂಜೈಮ್ ದ್ರಾವಣವೇ ಸರಿ. ಮೊದಲು ಹಳೇ ಬಟ್ಟೆಯಿಂದ ಹೀರಿಸಿ, ನೀರಲ್ಲಿ ಒರೆಸಿ, ಆಮೇಲೆ ದ್ರಾವಣವನ್ನು ಕಲೆಗಿಂತ ಒಂದು ಗೇಣು ಅಗಲಕ್ಕೆ ಹಾಕಿ 15 ನಿಮಿಷ ಒದ್ದೆಯಾಗಿಯೇ ಬಿಡಿ. ಹಾಕಿದ ಕೂಡಲೇ ಒರೆಸಿಬಿಟ್ಟರೆ ಎಂಜೈಮಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ವಿನೆಗರ್ ಎಂದು ಸಲಹೆ ಕೊಡುವವರಿದ್ದಾರೆ. ನಮ್ಮ ಕಡೆಯ ರೆಡ್ ಆಕ್ಸೈಡ್ ನೆಲಕ್ಕೆ ಬೇಡ, ಹುಳಿ ತಾಗಿ ಹೊಳಪು ಹೋಗುತ್ತದೆ. ಹಳೇ ಕಲೆ ಕಣ್ಣಿಗೆ ಬೀಳದಿದ್ದರೆ ರಾತ್ರಿ ದೀಪ ಆರಿಸಿ, ನೋಟು ಪರೀಕ್ಷಿಸುವ ಯುವಿ ಟಾರ್ಚ್ ಬಿಡಿ, ಮಂಕಾಗಿ ಹೊಳೆಯುತ್ತದೆ.

ಆಪರೇಷನ್ ಮಾಡಿಸಿದರೆ ಗುರುತು ಹಾಕುವುದು ಬಹಳಷ್ಟು ನಾಯಿಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲದರಲ್ಲೂ ಅಲ್ಲ. ವರ್ಷಗಟ್ಟಲೆ ಚಾಳಿಯಾಗಿದ್ದರೆ ಹಾರ್ಮೋನು ಇಳಿದರೂ ಕಾಲು ತಾನಾಗಿ ಏಳುತ್ತದೆ. ಚಾಳಿ ಬಿಡುವವರೆಗೆ ಹೊಟ್ಟೆಪಟ್ಟಿ, ಅಂದರೆ ಉಚ್ಚೆ ಹೀರಲು ಹೊಟ್ಟೆಗೆ ಸುತ್ತುವ ಬಟ್ಟೆ, ಕಟ್ಟಬಹುದು. ಎರಡು ಮೂರು ಗಂಟೆಗೊಮ್ಮೆ ಬಿಚ್ಚಿ ನೋಡಿ. ಒದ್ದೆ ಪಟ್ಟಿ ಹಾಗೇ ಬಿಟ್ಟರೆ ಚರ್ಮ ಕೆಂಪಾಗಿ ಸುಲಿಯುತ್ತದೆ.